ಹಾಳುಬಾವಿಯಿಂದ ಎಡಕ್ಕೆ

ಗಂಜಿಯ ವಾಸನೆ, ಅಲ್ಲ, ಗಂಜಿ ಕುಡಿದು ಬಿಗಿಯಾದ ಬಟ್ಟೆಯ ವಾಸನೆ, ಈ ಎ.ಸಿ. ಹಾಲಿಗೆ ಅದು ಎಲ್ಲಿಂದ ಬಂತು, ವೇದಿಕೆಯ ಹಿಂದೆ ಇಳಿಬಿಟ್ಟಿರುವ ಬ್ಯಾನರಿನದೇ ಇರಬೇಕು, ಹೊಸದು, ಮಡಿಕೆಯ ಗೆರೆಗಳು ಇನ್ನೂ ಬಿಟ್ಟಿಲ್ಲ, ಅದರ ಮೇಲೆ ನಮ್ಮ ಆಟದ ಕಣಿವೆ, ಕಣಿವೆಯ ನೆತ್ತಿಯ ಮೇಲೆ ಆ ಹಳದಿ ಬಾಣ — ಆದರೆ ವಾಸನೆ ಅಪ್ಪನ ಮೇಜಿನದು, ಅಳತೆಯ ಕಚೇರಿಯಿಂದ ಅಪ್ಪ ಸುರುಳಿ ಸುತ್ತಿ ತರುತ್ತಿದ್ದ ನಕ್ಷೆಬಟ್ಟೆಯದು, ನೀಲಿ ನೆರಳಿನ ಬಿಳಿ, ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುತ್ತಿತ್ತು, ನಾನು ಮೂಗು ತಾಗಿಸಿ ಕೂತಿರುತ್ತಿದ್ದೆ, ಉಸಿರು ತಾಗಿದ್ರೆ ಬಟ್ಟೆ ಸುಕ್ಕಾಗುತ್ತೆ ಮಗಳೇ ದೂರ ಕೂತ್ಕೋ ಅನ್ನುತ್ತಿದ್ದರೇ ಹೊರತು ಎದ್ದು ಹೋಗು ಅಂದವರಲ್ಲ, ದಾರಿ ಹೇಳೋನು ಬೆರಳು ತೋರಿಸಬಾರದು, ಗುರುತು ಹೇಳಬೇಕು, ಬೆರಳು ತೋರಿಸಿದ್ರೆ ಕೇಳಿದವನು ಬೆರಳನ್ನೇ ನೋಡ್ತಾನೆ ಅನ್ನುತ್ತಿದ್ದರು ಅಪ್ಪ — ಅದೇ ಮಾತನ್ನು ಭೂಗೋಳದ ಟೀಚರಾಗಿ ಎಷ್ಟು ತರಗತಿಗಳಿಗೆ ಹೇಳಿದೆನೋ, ಅದೇ ಮಾತಿನ ಬಲದ ಮೇಲೆ ಈ ಕಾಗದ ಬರೆದೆ, ಬರೆದು ಈಗ ಕೈಯಲ್ಲಿ ಹಿಡಿದು ಮುಂದಿನ ಸಾಲಿನಲ್ಲಿ ಕೂತಿದ್ದೇನೆ, ಕಾಗದದ ಅಂಚು ಬೆವರಿಗೆ ಮೆತ್ತಗಾಗಿದೆ, ಮೆಟ್ಟಿಲ ಮೇಲೆ ಅವಳು ಆ ಮಾತು ಹೇಳದೆ ಇದ್ದಿದ್ದರೆ, ಅಥವಾ ನಾನು ಲಿಫ್ಟಿನಲ್ಲೇ ಬಂದಿದ್ದರೆ. ನೀರು ಕುಡೀರಿ ಟೀಚರ್, ಪಕ್ಕದಲ್ಲಿ ಕೂತ ಕೊಡಲಿ ಅನ್ನುವವನು ಬಾಟಲಿಯ ಮುಚ್ಚಳ ತಿರುಗಿಸಿ ಸಡಿಲ ಮಾಡಿಯೇ ಕೊಡುತ್ತಾನೆ, ನನ್ನ ಬೆರಳುಗಳಿಗೆ ಆಗದು ಅನ್ನುವುದನ್ನು ಅವನಿಗೆ ಯಾರೂ ಹೇಳಿಲ್ಲ, ನೋಡಿ ತಿಳಿದುಕೊಂಡಿದ್ದಾನೆ, ಇವನೇ ಆ ಕೊಡಲಿ, ಆಟದ ಅಭಿಮಾನಿಗಳ ಜಾಲತಾಣದಲ್ಲಿ ಆ ಹೆಸರಿಟ್ಟುಕೊಂಡು ಬೆಂಕಿ ಉಗುಳುವ ಕೊಡಲಿ, ಎದುರಿಗೆ ನೋಡಿದರೆ ಸಣಕಲು ಮೈಯ ಹಲ್ಲಿನ ಡಾಕ್ಟರು, ಉಗುರುಗಳನ್ನು ಒತ್ತಿ ಕತ್ತರಿಸಿಕೊಂಡ ಚೊಕ್ಕಟ ಕೈ, ಜೋರಾಗಿ ಓದಿ ಟೀಚರ್, ಅರಿವಳಿಕೆ ಕೊಡದೆ ಹಲ್ಲು ಕಿತ್ತ ಹಾಗಿರ್ಬೇಕು ಈ ಸ್ಟುಡಿಯೋದವರಿಗೆ.

ನಾನು ಈ ಕಂಪ್ಯೂಟರ್ ಆಟಗಳ ಮನುಷ್ಯಳೇ ಅಲ್ಲ, ನನ್ನ ತಮ್ಮ ಕಾಲು ಮುರಿದುಕೊಂಡು ನನ್ನ ಮನೆಯಲ್ಲಿ ಬಿದ್ದುಕೊಂಡಿದ್ದ ಬೇಸಿಗೆ ರಜೆಯಲ್ಲಿ ಅವನ ಕಂಪ್ಯೂಟರಿನ ಜೊತೆ ಒಳಗೆ ಬಂದದ್ದು ಅದು, ಒಬ್ಬ ದಾರಿಹೋಕನ ಪಾತ್ರ ತೊಟ್ಟುಕೊಂಡು ಒಂದು ದೇಶದೊಳಗೆ ನಡೆಯಬೇಕು, ಸಿಕ್ಕವರ ಹತ್ತಿರ ಮಾತಾಡಬೇಕು, ಯಾರನ್ನು ನಂಬುವುದು ಯಾರನ್ನು ಬಿಡುವುದು ನಿನಗೆ ಬಿಟ್ಟದ್ದು, ನಾನು ಉತ್ತರಪತ್ರಿಕೆ ತಿದ್ದುತ್ತಾ ಹಿಂದೆ ಕೂತಿರುತ್ತಿದ್ದೆ, ತಮ್ಮ ಒಂದೇ ಗುಡ್ಡ ಸುತ್ತುತ್ತಿದ್ದ, ಲೋ, ದಾರಿಯಲ್ಲಿ ಸಿಕ್ಕ ಅಗಸಗಿತ್ತಿ ಏನು ಹೇಳಿದ್ಲು, ಹಾಳುಬಾವಿಯಿಂದ ಎಡಕ್ಕೆ ಅಂದ್ಲು, ಬಾವಿಯಲ್ಲಿ ನೀರಿದ್ರೆ ಅದು ಹಾಳುಬಾವಿ ಅಲ್ಲ ಅಂದ್ಲು, ನೀನು ನಿಂತಿರೋ ಬಾವೀಲಿ ಬಕೆಟ್ಟು ತೇಲ್ತಾ ಇದೆ ಕಣೋ, ಮುಂದೆ ಹೋಗು — ಅಕ್ಕಾ, ನೀನೇ ಆಡು ತಾಯಿ, ಅಂದು ಕೀಲಿಮಣೆ ನನ್ನ ಕಡೆ ತಳ್ಳಿದ, ಮೂಳೆ ಕೂಡಿದ ಮೇಲೆ ಹೊರಟುಹೋದ, ಆಟ ನನ್ನ ಬಳಿ ಉಳಿಯಿತು. ಒಂದು ದೇಶವನ್ನೇ ಹೀಗೆ ಬಾಯಿಮಾತಿನಲ್ಲಿ ಕಟ್ಟಿದ್ದರಲ್ಲ ಪುಣ್ಯಾತ್ಮರು, ಬಾಗಿದ ಮರ, ಕಪ್ಪು ಬಂಡೆ, ಹೊಗೆ ಬರುವ ಮನೆ, ನಾನು ಕೂತು ನಕ್ಷೆ ಬರೆದೆ, ಹಳದಿ ಬಣ್ಣದ ಪೆನ್ಸಿಲಿನಲ್ಲಿ ದಾರಿ ಎಳೆದೆ, ಜಾಲತಾಣದಲ್ಲಿ ಹಾಕಿದೆ, ಅಲ್ಲಿಂದ ನಾನು ನಕ್ಷೆ ಟೀಚರ್. ಎಂಥ ಜನ ಅಲ್ಲಿದ್ದವರು, ಆಟ ಕಟ್ಟಿದ ಸ್ಟುಡಿಯೋದವರನ್ನು ನಮ್ಮವರು ಅನ್ನುತ್ತಿದ್ದರು, ನಮ್ಮವರು ಎರಡನೇ ಆಟ ಮಾಡ್ತಿದ್ದಾರಂತೆ, ನಮ್ಮವರಿಗೆ ಜ್ವರವಂತೆ ತಡವಂತೆ ಪಾಪ. ಎರಡನೆಯದು ಬಂತು, ಕತ್ತಿ ಬೀಸುವ ರೀತಿ ಬದಲಾಗಿತ್ತು, ಅಷ್ಟೇ ಸಾಕಾಯಿತು, ಬಣ್ಣ ಬಳಿದ ಖಾಲಿ ಡಬ್ಬ ಅಂದರು, ಬೆಳ್ಳಿಮೀಸೆ ಅನ್ನುವ ಹೆಸರಿನವನಂತೂ ಇವರಿಗೆ ಎಳ್ಳುನೀರು ಬಿಟ್ಟೆ ಅಂತ ಬರೆದು ಬಾಗಿಲು ಹಾಕಿಕೊಂಡು ಹೋದ — ಹೋದಳು ಅನ್ನಬೇಕು, ಬೆಳ್ಳಿಮೀಸೆ ಹೆಂಗಸು, ಇವತ್ತೇ ಗೊತ್ತಾದದ್ದು, ಹಿಂದಿನ ಸಾಲಿನಲ್ಲಿ ಸ್ವೆಟರ್ ಹೆಣೆಯುತ್ತಾ ಕೂತಿದ್ದಾಳೆ — ಅದೇ ಬೆಳ್ಳಿಮೀಸೆ ಮೂರನೆಯದು ಬಂದಾಗ ತಿರುಗಿ ಬಂದು, ಎರಡನೆಯದು ಚಿನ್ನ, ಇದು ಹಿತ್ತಾಳೆ ಅಂತ ಬರೆದಳು, ನೀವೇ ಅಲ್ವಾ ಡಬ್ಬ ಅಂದಿದ್ದು ಅಂತ ಯಾರೋ ಕೆಣಕಿದರೆ, ಡಬ್ಬವೂ ಹಳೆಯದಾದ್ರೆ ಬೆಲೆ ಬರುತ್ತೆ ಅಂದಳು. ನಮ್ಮವರು ಹೋಗಿ ಅವರು ಆಯಿತು, ಅವರು ಹೋಗಿ ಆ ಕಂಪನಿ ಆಯಿತು, ಈಗೀಗ ಬರೆಯುವ ಶಬ್ದಗಳನ್ನು ನಾನು ಓದುವುದಿಲ್ಲ, ಕಣ್ಣಿನ ಡಾಕ್ಟರು ಬೇಡ ಅಂದಿದ್ದಾರೆ ಅಂತ ತಮಾಷೆ ಮಾಡುತ್ತೇನೆ.

ಆದರೆ ಬಾಣ, ಬಾಣದ ವಿಷಯದಲ್ಲಿ ನಾನೂ ಅವರ ಜೊತೆಯೇ, ಈ ಹೊಸ ಆಟ ಹಾಕಿದ ಮೊದಲ ಬೆಳಿಗ್ಗೆಯೇ ಗೊತ್ತಾಯಿತು, ಯಾರನ್ನೂ ಏನೂ ಕೇಳಬೇಕಾಗಿಲ್ಲ, ಪರದೆಯ ನೆತ್ತಿಯಲ್ಲಿ ಹಳದಿ ಬಾಣ, ಅದರ ಹಿಂದೆ ಹೋದರಾಯಿತು, ಅಷ್ಟು ಚೆಂದದ ಕಾಡು ಬರೆದಿದ್ದಾರೆ, ಎಲೆ ಎಲೆಗೂ ಬೆಳಕು, ನಾನು ಒಂದು ಮರವನ್ನೂ ನೋಡದೆ ಊರು ಮುಟ್ಟಿದ್ದೆ. ಬಾಣ ಬೇಡ ಅಂದರೆ ದೀಪ ಆರಿಸಿದ ಹಾಗೆ ಆರಿಸಿಬಿಡಿ ಅಂತ ಸ್ಟುಡಿಯೋದವರು ಬರೆದರು, ಆರಿಸಿ ನೋಡಿದೆ, ಆರಿಸಿದರೆ ದಾರಿ ಹೇಳುವವರೇ ಇಲ್ಲ, ಅಗಸಗಿತ್ತಿಯೂ ಹೋಗಿ ಬಾ ಒಳ್ಳೇದಾಗ್ಲಿ ಅನ್ನುತ್ತಾಳೆ ಅಷ್ಟೆ, ಬಾಣ ಇದೆಯಲ್ಲ ಅಂತ ಅವರ ಬಾಯಿಂದ ಮಾತುಗಳನ್ನೇ ಕಿತ್ತುಹಾಕಿದ್ದಾರೆ, ಊರಿಗೆ ಊರೇ ಮೂಕವಾಗಿ ಕೂತಿದೆ. ಸಿಟ್ಟಿನಲ್ಲಿ ಬರೆದೆ, ಆಮೇಲೆ ಸ್ಟುಡಿಯೋದ ಯಜಮಾನರು ಹಳೇ ಮೊದಲನೇ ಆಟವನ್ನೇ ಹೊಸದಾಗಿ ಕಟ್ಟುತ್ತೇವೆ, ಹಳೇ ಅಭಿಮಾನಿಗಳು ಬನ್ನಿ, ಯಾರು ಕಟ್ಟಬೇಕು ಹೇಗೆ ಕಟ್ಟಬೇಕು ಈ ಸಲ ನಿಮ್ಮ ಮಾತೇ ಕೊನೆ ಅಂತ ಕರೆದಾಗ, ನಾನು ಬರೆದದ್ದೇ ಎಲ್ಲರ ಮನವಿಯಾಯಿತು, ಎಲ್ಲರೂ ಸಹಿ ಹಾಕಿದರು, ಕೊನೆಯ ಸಾಲಂತೂ ಎಲ್ಲರ ಬಾಯಿಗೂ ಬಂತು, ಈ ಬಾಣ ಇಟ್ಟವರು ಜೀವಮಾನದಲ್ಲಿ ಒಂದು ದಿನವೂ ದಾರಿ ತಪ್ಪಿದವರಲ್ಲ, ಅಂಥವರ ಕೈಗೆ ನಮ್ಮ ಕಣಿವೆಯನ್ನು ಕೊಡಬೇಡಿ. ಅಂಥವರ ಕೈಗೆ. ಬರೆದಾಗ ಹಿಗ್ಗಿದ್ದೆ, ಬೆಳ್ಳಿಮೀಸೆ ಈ ಸಾಲಿಗೆ ಚೌಕಟ್ಟು ಹಾಕಿಸ್ಬೇಕು ಅಂದಿದ್ದಳು, ಈ ಮುದುಕಿಗೆ ಹೊಗಳಿಕೆ ಅಂದರೆ ಬೆಲ್ಲಕ್ಕೆ ಇರುವೆ.

ಇವತ್ತು ಸಭೆಗೆ ಬರುವಾಗ ಲಿಫ್ಟಿನ ಮುಂದೆ ಗುಂಪು ಇತ್ತು, ನಾನು ಮೆಟ್ಟಿಲು ಹಿಡಿದೆ, ಅರ್ಧಕ್ಕೆ ಮಂಡಿ ಮಾತಾಡತೊಡಗಿತು, ನಿಂತೆ, ಯಾರೋ ಕೈಚೀಲ ತೆಗೆದುಕೊಂಡರು, ಎತ್ತರದ ಹುಡುಗಿ, ಸ್ಟುಡಿಯೋದ ನೌಕರರ ಗುರುತುಚೀಟಿಯ ಪಟ್ಟಿ ಕತ್ತಿನಲ್ಲಿ, ಉಗುರುಗಳನ್ನು ಬುಡದವರೆಗೆ ಕಚ್ಚಿಕೊಂಡಿದ್ದಾಳೆ, ನನ್ನ ಎದೆಯ ಮೇಲೆ ಚುಚ್ಚಿದ್ದ ನಕ್ಷೆ ಟೀಚರ್ ಅನ್ನುವ ಬಿಲ್ಲೆಯನ್ನೇ ನೋಡಿದಳು, ಟೀಚರ್, ನಾನು ಗುಬ್ಬಿ. ಗುಬ್ಬಿಯಾ, ನಾನು ಅಂಗೈಯಗಲದ ಮಗುವೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನಲ್ಲ, ಇಷ್ಟುದ್ದ ಇದ್ದೀಯಲ್ಲೇ — ನಕ್ಕಳು, ಕಣ್ಣು ನಗಲಿಲ್ಲ. ಗುಬ್ಬಿ ಅಂದರೆ ಹಾಳುಬಾವಿಯ ಗುಬ್ಬಿ, ಜಾಲತಾಣಕ್ಕೆ ಬಂದಾಗ ಇನ್ನೂ ಕಾಲೇಜು, ಬಾವಿಯ ಹತ್ತಿರ ಹತ್ತು ಸಲ ಕಳೆದುಹೋದವಳು, ಎಡ ಅಂದರೆ ಬಲಕ್ಕೆ ಹೋಗುವವಳು, ಗುಬ್ಬಿ ತನ್ನ ಮನೆ ಹೊಸ್ತಿಲಲ್ಲೇ ದಾರಿ ತಪ್ತಾಳೆ ಅಂತ ಕೊಡಲಿ ಗೇಲಿ ಮಾಡುತ್ತಿದ್ದ, ಅವಳು ನನಗೆ ಮಾತ್ರ ಗುಟ್ಟಾಗಿ ಬರೆಯುತ್ತಿದ್ದಳು, ಟೀಚರ್ ಮತ್ತೆ ತಪ್ಪಿದೆ, ಬೈಬೇಡಿ, ನಾನು ಬರೆಯುತ್ತಿದ್ದೆ, ಬಾಗಿದ ಮರ ಕಾಣೋವರೆಗೆ ನಡಿ, ಕಂಡ ಮೇಲೆ ಕೇಳು. ಆಮೇಲೆ ಒಂದು ದಿನ ಅವಳು ಬರಲಿಲ್ಲ, ಅಮ್ಮ ಆಸ್ಪತ್ರೆಯಲ್ಲಿ ಅಂದವಳು ಸುದ್ದಿಯೇ ಇಲ್ಲ, ಎಲ್ಲರನ್ನೂ ಹರಿದು ಮುಕ್ಕುವ ಕೊಡಲಿ ದಿನಾ ಬೆಳಿಗ್ಗೆ ಅವಳ ಹಳೇ ಪ್ರಶ್ನೆಯ ಕೆಳಗೆ ಬರೆಯುತ್ತಿದ್ದ, ಗುಬ್ಬಿ ಬಂದ್ಲಾ, ಮಳೆಗಾಲ ಮುಗಿದರೂ, ಗುಬ್ಬಿ ಬಂದ್ಲಾ, ಯಾರೂ ಅದಕ್ಕೆ ನಗಲಿಲ್ಲ. ಇಲ್ಲಿ ಕೆಲಸಕ್ಕೆ ಸೇರಿದೆ ಟೀಚರ್, ಅಂದಳು ಮೆಟ್ಟಿಲ ಮೇಲೆ, ಜಾಲತಾಣದವರಿಗೆ ಹೇಳೋಕೆ ಭಯ ಆಯ್ತು, ಸ್ಟುಡಿಯೋ ಅಂದ್ರೆ ಉರಿದು ಬೀಳ್ತಾರಲ್ಲ, ಅಮ್ಮ ಉಳೀಲಿಲ್ಲ. ಅಯ್ಯೋ ಮಗೂ ಅಂತ ನಾನು ಅವಳ ತೋಳು ಹಿಡಿದುಕೊಂಡೆ, ಆಗ ಅವಳು ಹೇಳಿದಳು, ಟೀಚರ್, ಬಾಣ ನಂದೇ.

ಮೆಟ್ಟಿಲ ಕಟಾಂಜನ ತಣ್ಣಗಿತ್ತು, ಅದನ್ನೇ ಹಿಡಿದು ನಿಂತೆ. ಹಾಳುಬಾವಿ ಹತ್ರ ಅರ್ಧ ಜನ ಆಟ ಬಿಟ್ಟುಬಿಡ್ತಾರೆ ಟೀಚರ್, ನಮಗೆ ಇಲ್ಲಿ ಕಾಣುತ್ತೆ, ಯಾರು ಎಲ್ಲಿ ನಿಲ್ಲಿಸಿದ್ರು ಅಂತ, ಅವರು ಎರಡನೇ ಕಣಿವೆನೇ ನೋಡಿಲ್ಲ, ದೋಣಿಯವನು ಗೊತ್ತಿಲ್ಲ, ಬೆಟ್ಟದ ಅಕ್ಕತಂಗಿಯರು ಗೊತ್ತಿಲ್ಲ, ನಾನು ಯಾಕೆ ನೋಡಿದೆ, ನೀವಿದ್ರಿ, ಕಾದ್ರೆ ಉತ್ತರ ಬರ್ತಿತ್ತು, ಎಲ್ಲರಿಗೂ ಒಬ್ಬ ಟೀಚರ್ ಸಿಗಲ್ವಲ್ಲ — ಅದಕ್ಕೇ ಮಾಡಿದೆ, ನಿಮ್ಮ ಪೆನ್ಸಿಲ್ ಬಣ್ಣವೇ ಅದು. ನನ್ನ ಪೆನ್ಸಿಲ್ಲು, ನಾನು ಥೂ ಅಂದದ್ದು ನನ್ನದೇ ಪೆನ್ಸಿಲ್ಲಿಗೆ, ಆದರೂ ಬಾಯಿ ಸುಮ್ಮನಿರಲಿಲ್ಲ, ಮಗೂ ನಾನು ಬೆರಳು ತೋರಿಸಲಿಲ್ಲವಲ್ಲೇ, ಗುರುತು ಹೇಳಿದೆ, ಅಂದೆ, ಅವಳ ಮುಖ ಸಣ್ಣದಾಯಿತು, ಗೊತ್ತು ಟೀಚರ್, ಗುರುತುಗಳನ್ನೂ ಬರೆದಿದ್ದೆ, ಸಮಯ ಸಾಲದು ಅಂತ ಮಾತುಗಳನ್ನ ತೆಗೆದ್ರು, ಬಾಣ ಉಳೀತು, ಈಗ ಮೊದಲನೇ ಆಟದಲ್ಲಿ ಎಲ್ಲವನ್ನೂ ವಾಪಸ್ ಇಡ್ತೀನಿ ಅಂತ ಯಜಮಾನರನ್ನ ಕಾಡಿ ಬೇಡಿ ಆ ಗುಂಪಿಗೆ ಸೇರಿದ್ದೆ, ನಿಮ್ಮ ಮನವಿ ಬಂತು, ಓದಿದೆ, ನೀವೇ ಬರೆದದ್ದು ಅಂತ ಮೊದಲ ಸಾಲಲ್ಲೇ ಗೊತ್ತಾಯ್ತು, ನೀವು ಅಂದದ್ದು ಸರಿ, ಓದಿಬಿಡಿ. ಚೀಲವನ್ನು ಮೇಲಿನ ಮೆಟ್ಟಿಲವರೆಗೆ ಹೊತ್ತು ತಂದು ಕೈಗೆ ಕೊಟ್ಟು ಹೋದಳು. ಓದಿಬಿಡಿ ಅಂದಳು, ಓದಬೇಡಿ ಅಂದಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು, ಹಟ ಮಾಡಿ ಓದಿಬಿಡುತ್ತಿದ್ದೆ.

ಹೆಸರು ಕರೆದರು, ನಕ್ಷೆ ಟೀಚರ್ ಬರಬೇಕು, ಚಪ್ಪಾಳೆ, ಕೊಡಲಿ ಮೊಣಕೈ ಹಿಡಿದು ವೇದಿಕೆಯ ಮೆಟ್ಟಿಲು ಹತ್ತಿಸುತ್ತಾನೆ, ದೀಪದ ಬಿಸಿ ಹಣೆಗೆ, ಯಜಮಾನರು ಎದ್ದು ಕುರ್ಚಿ ಸರಿಸಿದರು, ನೆರೆತ ಕೂದಲು, ಅಂಗಿಯ ತೋಳಿನ ಗುಂಡಿ ಬೇರೆ ಬಣ್ಣದ್ದು, ಇವರೇ ಒಂದು ಕಾಲಕ್ಕೆ ನಮ್ಮವರು, ಇವರಿಗೂ ನಿದ್ದೆ ಇಲ್ಲ ಅಂತ ಕಣ್ಣ ಕೆಳಗೆ ಬರೆದಿದೆ. ಓದುತ್ತಿದ್ದೇನೆ, ನನ್ನದೇ ದನಿ ಹಾಲಿನ ಆ ಕೊನೆಗೆ ಹೋಗಿ ಬಡಿದು ಬರುತ್ತಿದೆ, ಊರಿನ ಬಾಯಿ ಕಟ್ಟಿದ್ದೀರಿ, ಮರಗಳನ್ನು ಬರೆದು ನೋಡದ ಹಾಗೆ ಮಾಡಿದ್ದೀರಿ, ಚಪ್ಪಾಳೆ, ಇದೆಲ್ಲ ನಿಜ, ಇದನ್ನು ನುಂಗಲಾರೆ, ಹಿಂಬದಿಯ ಗೋಡೆಗೆ ಒರಗಿ ಎತ್ತರದ ನೆರಳು, ಗುಬ್ಬಿ, ಸಭಿಕರಿಗೆ ಕೊಡುವ ಮೈಕು ಹಿಡಿದು ನಿಂತಿದ್ದಾಳೆ, ಈ ಕೆಲಸವನ್ನೂ ಇವಳಿಗೇ ವಹಿಸಬೇಕಿತ್ತೇ, ಸಾಲುಗಳು ಮುಗಿಯುತ್ತಿವೆ, ಇನ್ನೊಂದು ಇದ್ದಿದ್ದರೆ, ಇಲ್ಲ, ಇದೇ ಕೊನೆಯದು, ಅಕ್ಷರ ಕಾಣುತ್ತಿದೆ ಬಾಯಿಗೆ ಬರುತ್ತಿಲ್ಲ, ಜೀವಮಾನದಲ್ಲಿ ಒಂದು ದಿನವೂ — ಹಿಂದಿನಿಂದ ಯಾರೋ ಆ ಸಾಲನ್ನು ನನಗಿಂತ ಮೊದಲೇ ಹೇಳಿದರು, ಬಾಯಿಪಾಠ ಅವರಿಗೆ, ಇನ್ನಿಬ್ಬರು ಸೇರಿದರು. ಕಾಗದ ಇಳಿಸಿದೆ. ಕೊನೆಯ ಸಾಲು ನಾನು ಓದಲ್ಲ, ಅದು ಸುಳ್ಳು. ಟೀಚರ್, ಅದನ್ನ ಬರೆದೋರು ನೀವೇ, ಕೊಡಲಿಯ ದನಿ, ಮೈಕೇ ಬೇಕಿಲ್ಲ ಅವನಿಗೆ. ಹೌದಪ್ಪ ನಾನೇ ಬರೆದೆ, ಇಟ್ಟವರು ಯಾರು ಅಂತ ಗೊತ್ತಿಲ್ಲದೆ ಬರೆದೆ, ಬಾಣ ಬೇಡ, ಈಗಲೂ ಬೇಡ, ಆದ್ರೆ ಬಾಣ ಇಟ್ಟವರು ದಾರಿ ತಪ್ಪಿದವರೇ, ನಮ್ಮೆಲ್ಲರಿಗಿಂತ ಹೆಚ್ಚು ತಪ್ಪಿದವರು, ಅವರನ್ನ ಈ ಕೆಲಸದಿಂದ ತೆಗೀಬೇಡಿ. ಓಹೋ ಕುರ್ಚಿ ಸರಿಸಿ ಕೂರಿಸಿದ್ರು, ಟೀಚರ್ ಕರಗಿದ್ರು, ಯಾರೋ ಕೂಗಿದರು, ಬೆಳ್ಳಿಮೀಸೆಯ ಸೂಜಿಗಳು ನಿಂತಿವೆ, ಹೆಸರು ಹೇಳಿ ಟೀಚರ್, ಯಾರು ಅದು, ನಮಗೂ ಗೊತ್ತಾಗ್ಲಿ, ಹೆಸರು ಹೇಳಿ — ಕೊಡಲಿಯ ಕೈ ನನ್ನ ಕಡೆ ನೇರ ಚಾಚಿದೆ, ಬೆರಳು, ಆ ಚೊಕ್ಕಟ ಉಗುರು, ಹೇಳಲ್ಲ ಅಂದೆ, ಮೇಜು ಹಿಡಿದುಕೊಂಡೆ, ಹೇಳಲ್ಲ ಕಣಪ್ಪ.

ನಾನು. ಮೈಕಿನಿಂದ ಬಂತು, ಅದಕ್ಕೇ ಎಲ್ಲ ಮೂಲೆಯಿಂದಲೂ ಬಂದ ಹಾಗಾಯಿತು, ತಲೆಗಳು ಎಲ್ಲೆಲ್ಲಿಗೋ ತಿರುಗಿದವು, ನಾನು, ಗುಬ್ಬಿ. ಯಾವ ಗುಬ್ಬಿ, ಕೊಡಲಿಯ ದನಿ ಅರ್ಧಕ್ಕೆ ಇಳಿದಿತ್ತು. ಹಾಳುಬಾವಿ ಗುಬ್ಬಿ. ಯಾರೋ ನಕ್ಕರು, ನಕ್ಕವರು ತಾವೇ ನಿಲ್ಲಿಸಿಕೊಂಡರು, ಚಾಚಿದ ಕೈ ಇನ್ನೂ ಹಾಗೇ ಇದೆ, ಅವನಿಗೆ ಅದನ್ನು ಎಲ್ಲಿ ಇಡಬೇಕೋ ತಿಳಿಯದು, ಎಷ್ಟು ಬೆಳಗುಗಳಲ್ಲಿ ಈ ಕೈ ಬರೆದಿತ್ತು, ಗುಬ್ಬಿ ಬಂದ್ಲಾ, ಬಂದಳಲ್ಲ ನೋಡು, ಹೀಗೆ ಬಂದಳು. ಇಲ್ಲೇ ಇದ್ಯಾ ಇಷ್ಟು ದಿನ, ಅಂದ, ಬೈಗುಳದ ಹಾಗಿತ್ತು, ಅಳುವಿನ ಹಾಗೂ ಇತ್ತು, ಇಲ್ಲೇ ಕೂತು ನಾವು ಬರೆಯೋದೆಲ್ಲ ಓದ್ತಿದ್ಯಾ. ಓದ್ತಿದ್ದೆ ಅಣ್ಣ, ಎಲ್ಲಾನೂ. ಎಲ್ಲಾನೂ ಅಂದರೆ, ನನಗೆ ಕಣ್ಣಿನ ಡಾಕ್ಟರು ಬೇಡ ಅಂದ ಆ ಶಬ್ದಗಳನ್ನೂ, ಅವನು ಬರೆದದ್ದೇ ಹೆಚ್ಚು, ಅವನಿಗೂ ಈಗ ಅದೇ ನೆನಪಾಗುತ್ತಿರಬೇಕು, ಕತ್ತು ಕೆಂಪಾಗಿದೆ. ನಂಬಿಸಿ ಕತ್ತು ಕೊಯ್ದ್ಲು, ನಡುಸಾಲಿನಿಂದ ಒಂದು ದನಿ, ಪಾಪ ಬಿಡ್ರೋ, ಇನ್ನೊಂದು, ಪಾಪ ಅಂದ್ರೆ ಆಟ ಸರಿ ಹೋಗುತ್ತಾ, ಮತ್ತೊಂದು, ಯಜಮಾನರು ಎರಡೂ ಕೈ ಎತ್ತಿದರು, ಮಾತು ಕೊಟ್ಟಿದ್ದೇನೆ, ನಿಮ್ಮ ಮಾತೇ ಕೊನೆ, ಈಗ ಬಿಸಿಯಲ್ಲಿ ಬೇಡ, ಊಟ ಆಗಲಿ, ಊಟ ಆದ ಮೇಲೆ ಕೈ ಎತ್ತಿ ಹೇಳಿ, ಇವರು ಮೊದಲನೇ ಆಟ ಕಟ್ಟುವ ಗುಂಪಿನಲ್ಲಿ ಇರಬೇಕೋ ಬೇಡವೋ, ನೀವು ಹೇಳಿದ ಹಾಗೆ. ಕೈ ಎತ್ತಿ. ಊಟ ಆದ ಮೇಲೆ ಕೈ ಎತ್ತಿ, ಹೊಟ್ಟೆ ತುಂಬಿಸಿಕೊಂಡು ಎತ್ತುವ ಕೈ ಎಂಥದಿರುತ್ತದೆ.

ಕೆಳಗಿಳಿದು ನನ್ನ ಕುರ್ಚಿಗೆ ಬಂದೆ, ಈ ಸಲ ಯಾರೂ ಮೊಣಕೈ ಹಿಡಿಯಲಿಲ್ಲ, ಸರಿಯೇ, ನಾನೇ ತಂದುಕೊಂಡದ್ದು, ಅಕ್ಕಪಕ್ಕದ ಕುರ್ಚಿಗಳು ಖಾಲಿಯಾಗಿವೆ, ಗೋಡೆಬದಿಯ ಮೇಜಿನ ಮೇಲೆ ಊಟದ ಡಬ್ಬಿಗಳು ಗೋಪುರದ ಹಾಗೆ, ಸಾಲು ಹಾವಿನಂತೆ ಸುತ್ತಿಕೊಂಡಿದೆ, ಸಾಲಿನಲ್ಲಿ ಗುಸುಗುಸು, ಇವಳು ಬೇಡ ಅಂತ ಎಷ್ಟು ಕೈ ಏಳಬಹುದು, ಬೆಳ್ಳಿಮೀಸೆ ಎತ್ತುತ್ತಾಳೆ, ಈಗ ಎತ್ತಿ ಮುಂದಿನ ವರ್ಷ ಇಳಿಸುತ್ತಾಳೆ, ಆದರೆ ಮುಂದಿನ ವರ್ಷಕ್ಕೆ ಆ ಹುಡುಗಿ ಇಲ್ಲಿರಬೇಕಲ್ಲ, ಉಳಿದವರು ಕೊಡಲಿಯ ಕಡೆ ನೋಡುತ್ತಾರೆ, ಅವನು ಎತ್ತಿದರೆ ಎತ್ತುತ್ತಾರೆ, ಎಂದಿನಿಂದಲೂ ಹಾಗೆಯೇ, ಅವನು ಸಾಲಿನಲ್ಲಿ ನಿಂತಿದ್ದಾನೆ. ಗುಬ್ಬಿ ಆ ಕೊನೆಯ ಗೋಡೆಗೆ ಒರಗಿ ಮೈಕಿನ ವಯರನ್ನು ಮೊಣಕೈಗೂ ಹೆಬ್ಬೆರಳಿಗೂ ಸುತ್ತುತ್ತಿದ್ದಾಳೆ, ಸುತ್ತಿ ಮುಗಿದರೂ ಬಿಚ್ಚಿ ಮತ್ತೆ ಸುತ್ತುತ್ತಿದ್ದಾಳೆ, ಅವಳ ಸುತ್ತ ಒಂದು ಬಯಲು ಬಿಟ್ಟ ಹಾಗೆ ಜನ ಬಳಸಿ ಹೋಗುತ್ತಿದ್ದಾರೆ, ಸ್ಟುಡಿಯೋದವರೂ, ತಮ್ಮ ಪೈಕಿಯವಳ ಹತ್ತಿರವೇ ಬರಲು ಅವರಿಗೂ ಹೆದರಿಕೆ, ಹೋಗಬೇಕು, ನಾನು ಎದ್ದು ಹೋಗಬೇಕು, ಏಳು ಮುದುಕಿ, ಮಂಡಿ ಏಳುವುದಿಲ್ಲ. ಕೊಡಲಿಯ ಸರದಿ ಬಂತು, ಒಂದು ಡಬ್ಬಿ ತೆಗೆದ, ಮುಚ್ಚಳದಂಚು ಎತ್ತಿ ಒಳಗೆ ನೋಡಿದ, ಒತ್ತಿ ಮುಚ್ಚಿದ, ಒಂದು ಚಮಚ ಆರಿಸಿದ, ಅದನ್ನು ತನ್ನ ಕರವಸ್ತ್ರದಲ್ಲಿ ಒರೆಸಿದ, ನನ್ನ ಕಡೆಗೇ ಬರುತ್ತಿದ್ದಾನೆ, ನೇರ ನನ್ನ ಕಡೆಗೇ, ಸಿಟ್ಟಿದ್ದರೂ ಊಟ ತರುವ ಜನ ಇದ್ದಾರಲ್ಲ, ಬಾಯಿಗೆ ಬಂತು, ನೀನು ತಿನ್ನಪ್ಪ ಮೊದಲು, ಅನ್ನುತ್ತಲೇ ಕೈ ಚಾಚಿದೆ, ಚಾಚಿಯೇಬಿಟ್ಟೆ, ಅವನು ನನ್ನನ್ನು ದಾಟಿ ಹೋದ. ಖಾಲಿ ಕುರ್ಚಿಗಳ ನಡುವೆ, ಗುಸುಗುಸು ಅವನ ಹಿಂದೆ ಹಿಂದೆಯೇ ಆರುತ್ತಾ ಬರುತ್ತಿದೆ, ಆ ಬಯಲನ್ನು ತುಳಿದ, ಅವಳ ಮುಖ ನೋಡಲಿಲ್ಲ, ನೆಲ ನೋಡುತ್ತಲೇ ಡಬ್ಬಿ ಮುಂದೆ ಹಿಡಿದ, ವಯರು ಸುತ್ತುವುದು ನಿಂತಿತು, ಅವನ ಕೈ ಹಾಗೇ ಇದೆ, ಇಳಿಯುತ್ತಿಲ್ಲ, ಎಲ್ಲರೂ ನೋಡುತ್ತಿದ್ದಾರೆ, ನೋಡಲಿ, ಇಳಿಸಬೇಡ ಕಣಪ್ಪ, ಇಳಿಸಬೇಡ, ನನ್ನದೂ ಇನ್ನೂ ಗಾಳಿಯಲ್ಲೇ — ಡಬ್ಬಿ, ಡಬ್ಬಿಯ ಕೆಳಗೆ ಅವನ ಕೈ, ಅದರ ಕೆಳಗೆ ಈಗ, ಉಗುರು ಕಚ್ಚಿದ ಅವಳ ಕೈ.